ಆ ನೆಗೆಟಿವ್ ಈಗ ಎಲ್ಲಿದೆ?

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬೆಳ್ಳಿತೆರೆ ಮೊದಲ ಸಲ ಕನ್ನಡ ಮಾತಾಡಿತು. ಚಿತ್ರ ‘ಸತಿ ಸುಲೋಚನ’. ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾಗಿ ಬಂದದ್ದು. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದವರು ವೈ.ವಿ. ರಾವ್, ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಕನ್ನಡ ಚಿತ್ರರಂಗದ ಹುಟ್ಟುಹಬ್ಬ ಎಂದು ನಾವು ಆಚರಿಸುವುದು ಈ ಮಾರ್ಚ್ 3ನ್ನೇ. ಆದರೆ ಆ ಚಿತ್ರವನ್ನು ಇಂದು ಯಾರೂ ನೋಡಲಾರರು. ನೆಗೆಟಿವ್ ಇಲ್ಲ, ಪ್ರಿಂಟ್ ಇಲ್ಲ.

ನಾಗೇಂದ್ರರಾಯರ ರಾವಣ ಹೇಗೆ ನಗುತ್ತಿದ್ದ? ಕಂಪನಿ ನಾಟಕದ ರಂಗದಿಂದ ನೇರವಾಗಿ ಕ್ಯಾಮೆರಾದೆದುರು ಬಂದು ನಿಂತ ಸುಬ್ಬಯ್ಯ ನಾಯ್ಡು ದನಿ ಎಷ್ಟು ಏರಿಸುತ್ತಿದ್ದರು, ಎಲ್ಲಿ ಇಳಿಸುತ್ತಿದ್ದರು? ತೊಂಬತ್ತು ವರ್ಷಗಳ ಹಿಂದಿನ ಆಡುಗನ್ನಡ ರಂಗದ ಮಾತಾಗಿ ಮೈಕಿನ ಮುಂದೆ ಯಾವ ರೂಪ ತಾಳಿತು? ಓದಿ ತಿಳಿದುಕೊಳ್ಳಬಹುದು, ಒಂದೆರಡು ಸ್ಥಿರಚಿತ್ರ ನೋಡಬಹುದು. ಕೇಳುವುದಕ್ಕಂತೂ ಇನ್ನು ಸಾಧ್ಯವಿಲ್ಲ. ಭಾರತದ ಮೊದಲ ಟಾಕಿ ‘ಆಲಂ ಆರಾ’ದ ಗತಿಯೂ ಇದೇ. ಈ ದೇಶದಲ್ಲಿ ತಯಾರಾದ ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಇಂದು ಉಳಿದಿರುವುದು, ತುಂಡು ಚೂರುಗಳನ್ನೂ ಸೇರಿಸಿಕೊಂಡು, ಮೂವತ್ತರ ಆಸುಪಾಸು.

ಆ ತಲೆಮಾರನ್ನು ನಾನು ದೂರಲಾರೆ. ಸಿನಿಮಾ ಒಂದು ಕಲೆ, ಅದೊಂದು ಚರಿತ್ರೆಯ ದಾಖಲೆ ಎಂದು ಅವರಿಗೆ ಹೇಳಿದವರು ಯಾರು? ಊರೂರು ಸುತ್ತಿ ಸವೆದ ಪ್ರಿಂಟನ್ನು ಅದರೊಳಗಿನ ಬೆಳ್ಳಿಯ ಆಸೆಗೆ ತೂಕಕ್ಕೆ ಮಾರಿದರು. ಅಂದಿನ ನೈಟ್ರೇಟ್ ಫಿಲ್ಮ್ ಬೆಂಕಿ ಕಂಡರೆ ಭುಗಿಲೆನ್ನುವ ವಸ್ತು. ಮನೆಯಲ್ಲಿಟ್ಟುಕೊಳ್ಳಲು ಹೆದರಿ ಎಸೆದವರೂ ಇದ್ದರು. ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಗೊತ್ತಿದ್ದೂ ನಾವು ಅದನ್ನೇ ಮಾಡುತ್ತಿದ್ದೇವೆ ಎಂಬ ಸಂಕಟದಿಂದ ಈ ಕರೆ.

ಕನ್ನಡ ಚಿತ್ರರಂಗದ ಭವಿಷ್ಯದ ಬಗ್ಗೆ ಗಾಂಧಿನಗರದಲ್ಲಿ, ಸುದ್ದಿವಾಹಿನಿಗಳಲ್ಲಿ, ವಿಚಾರ ಸಂಕಿರಣಗಳಲ್ಲಿ ಸಾಕಷ್ಟು ಮಾತು ನಡೆಯುತ್ತಿದೆ. ಓಟಿಟಿಯವರು ನಮ್ಮ ಚಿತ್ರಗಳನ್ನು ಕೊಳ್ಳುತ್ತಿಲ್ಲ; ಕಪಾಲಿ ಹೋಯಿತು, ಕಾವೇರಿ ಹೋಯಿತು, ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಉರುಳುತ್ತಿವೆ; ಪ್ಯಾನ್ ಇಂಡಿಯಾ ಚಿತ್ರಗಳ ಅಬ್ಬರದಲ್ಲಿ ಸಣ್ಣ ಚಿತ್ರಕ್ಕೆ ಶೋ ಸಿಗುತ್ತಿಲ್ಲ. ಎಲ್ಲವೂ ನಿಜ, ಎಲ್ಲದಕ್ಕೂ ಉತ್ತರ ಬೇಕು. ಆದರೆ ಈ ಗದ್ದಲದ ನಡುವೆ ಯಾರೂ ಕೇಳದೆ ಉಳಿದ ಒಂದು ಪ್ರಶ್ನೆಯಿದೆ. ತೊಂಬತ್ತು ವರ್ಷಗಳಿಂದ ನಾವು ತೆಗೆದ ಚಿತ್ರಗಳ ಮೂಲ ನೆಗೆಟಿವ್‌ಗಳು ಈಗ ಎಲ್ಲಿವೆ? ಎಷ್ಟು ಚೆನ್ನಾಗಿವೆ, ಎಷ್ಟು ಕೊಳೆಯುತ್ತಿವೆ, ಯಾರ ವಶದಲ್ಲಿವೆ? ಡಿಜಿಟಲ್ ಕಾಲದಲ್ಲಿ ಒಂದು ಚಿತ್ರರಂಗದ ಬದುಕು ನಿಂತಿರುವುದು ಮೂಲ ಪ್ರತಿ ಯಾರ ಕೈಯಲ್ಲಿದೆ ಎಂಬುದರ ಮೇಲೆ. ಮೂಲವಿದ್ದವರಿಗೆ ನಾಳೆ 4ಕೆ, ನಾಡಿದ್ದು 8ಕೆ, ಅದರಾಚೆ ಇನ್ನೂ ಹೆಸರಿಡದ ಯಾವುದೋ ತಂತ್ರಜ್ಞಾನ ದಕ್ಕುತ್ತದೆ. ಮೂಲ ಕಳಕೊಂಡವರು ಸವೆದ ನಕಲನ್ನೇ ಮತ್ತೆ ಮತ್ತೆ ನಕಲು ಮಾಡುತ್ತ ಕೂರಬೇಕು.

‘ಎಲ್ಲಾ ಯೂಟ್ಯೂಬಿನಲ್ಲಿ ಇದೆಯಲ್ಲ’ ಎನ್ನುತ್ತಾರೆ. ಹಾಗೆನ್ನುವವರು ಅರುವತ್ತರ ದಶಕದ ಒಂದು ಕಪ್ಪುಬಿಳುಪು ಚಿತ್ರವನ್ನು ಅಲ್ಲಿ ತೆರೆದು ಹತ್ತು ನಿಮಿಷ ಗಮನವಿಟ್ಟು ನೋಡಲಿ. ಬಹುಪಾಲು ಚಿತ್ರಗಳ ಪ್ರತಿ ಬಂದಿರುವುದು ಹಳೆಯ ವಿಡಿಯೋ ಟೇಪಿನಿಂದ. ಮೂಲೆಯಲ್ಲಿ ಯಾವುದೋ ಕಂಪನಿಯ ಮುದ್ರೆ ಕೂತಿದೆ. ಟಿವಿ ಪರದೆಗೆ ಹೊಂದಿಸಲು ಅಂಚು ಕತ್ತರಿಸಿದ್ದಾರೆ. ಇಬ್ಬರು ನಿಂತು ಮಾತಾಡುವ ದೃಶ್ಯದಲ್ಲಿ ಒಬ್ಬರ ಅರ್ಧ ಮುಖ ಚೌಕಟ್ಟಿನಾಚೆ ಹೋಗಿದೆ. ಇನ್ನು ಕೆಲವು ಪ್ರತಿಗಳಲ್ಲಿ ಇಂದಿನ ಅಗಲ ಪರದೆಗೆ ತುಂಬಿಸಲು ಚಿತ್ರವನ್ನು ಎಳೆದಿದ್ದಾರೆ. ನಾಯಕಿಯ ಮುಖ ಚಪ್ಪಟೆಯಾಗಿದೆ. ನೆರಳಿರಬೇಕಾದಲ್ಲಿ ಕಪ್ಪು ಗುಡ್ಡೆ, ಬೆಳಕಿರಬೇಕಾದಲ್ಲಿ ಸುಣ್ಣ ಬಳಿದ ಗೋಡೆ. ರೀಲು ಬದಲಾಗುವಲ್ಲಿ ಒಂದಷ್ಟು ಮಾತು ನುಂಗಿಹೋಗಿದೆ. ಅವಧಿ ಹೆಚ್ಚಾಯಿತೆಂದು ಒಂದು ಹಾಡನ್ನೇ ಎತ್ತಿದ್ದಾರೆ. ಛಾಯಾಗ್ರಾಹಕ ಒಂದು ದೀಪವನ್ನು ಅರ್ಧ ಅಡಿ ಆಚೀಚೆ ಸರಿಸಲು ಇಡೀ ಬೆಳಗ್ಗೆ ಕಳೆದಿರುತ್ತಾನಲ್ಲ, ಆ ಬೆಳಗಿನ ದುಡಿಮೆಯ ಯಾವ ಗುರುತೂ ಅಲ್ಲಿ ಸಿಗುವುದಿಲ್ಲ. ನಮ್ಮ ಮಕ್ಕಳು ಇದನ್ನು ನೋಡಿ ಹಳೆಯ ಕನ್ನಡ ಸಿನಿಮಾ ಅಂದರೆ ಮಸುಕು, ಗೊರಗೊರ ಎಂದು ತಿಳಿದರೆ ತಪ್ಪು ಅವರದಲ್ಲ. ನಾವು ಅವರಿಗೆ ತೋರಿಸಿರುವುದೇ ಅಷ್ಟು.

ಇನ್ನು ಡಬ್ಬಿಗಳ ಕಡೆ ಬನ್ನಿ. ಎರಡೂವರೆ ಗಂಟೆಯ ಒಂದು ಚಿತ್ರವೆಂದರೆ 35 ಎಂಎಂ ಫಿಲ್ಮಿನಲ್ಲಿ ಸುಮಾರು ಹದಿಮೂರೂವರೆ ಸಾವಿರ ಅಡಿ, ನಾಲ್ಕು ಕಿಲೋಮೀಟರಿಗೂ ಉದ್ದ. ಸೆಕೆಂಡಿಗೆ 24ರಂತೆ 2 ಲಕ್ಷ 16 ಸಾವಿರ ಚೌಕಟ್ಟುಗಳು. ಚಿತ್ರದ ನೆಗೆಟಿವ್ ಬೇರೆ, ಶಬ್ದದ ನೆಗೆಟಿವ್ ಬೇರೆ. ತುಕ್ಕು ಹಿಡಿದ ತಗಡಿನ ಡಬ್ಬಿಯ ಮುಚ್ಚಳ ಕೈಗೆ ಬಗ್ಗುವುದಿಲ್ಲ, ಸ್ಕ್ರೂಡ್ರೈವರ್ ತೂರಿಸಿ ಸುತ್ತಲೂ ಮೀಟಬೇಕು. ತೆರೆದೊಡನೆ ಮೂಗಿಗೆ ಹೊಡೆಯುವುದು ವಿನೆಗರಿನ ಘಾಟು. ಐವತ್ತರ ದಶಕದಿಂದ ಬಳಕೆಗೆ ಬಂದ ಅಸಿಟೇಟ್ ಫಿಲ್ಮ್ ಸೆಕೆ ಮತ್ತು ತೇವಕ್ಕೆ ಸಿಕ್ಕರೆ ತನ್ನೊಳಗಿಂದಲೇ ಆಮ್ಲ ಬಿಡುತ್ತದೆ. ಒಂದು ಡಬ್ಬಿಗೆ ಹತ್ತಿದ್ದು ಪಕ್ಕದ ಡಬ್ಬಿಗೂ ತಾಗುತ್ತದೆ. ಫಿಲ್ಮ್ ಕುಗ್ಗುತ್ತದೆ, ಅಂಚು ಅಲೆಅಲೆಯಾಗಿ ಏಳುತ್ತದೆ, ಆಮೇಲೆ ಸುರುಳಿಗೆ ಸುರುಳಿ ಅಂಟಿಕೊಂಡು ಗಟ್ಟಿಯಾಗುತ್ತದೆ. ಆ ಹಂತ ತಲುಪಿದ ಮೇಲೆ ಅದನ್ನು ಬಿಡಿಸಹೊರಟರೆ ಚಿತ್ರವೇ ಪದರ ಪದರವಾಗಿ ಕಿತ್ತುಬರುತ್ತದೆ. ಬಣ್ಣದ ಫಿಲ್ಮಿನ ಸಾವು ಇನ್ನೊಂದು ಬಗೆ. ನೀಲಿ ಹಸಿರು ಮೊದಲು ಅಳಿಯುತ್ತವೆ, ಕೆನ್ನೇರಳೆ ಮಾತ್ರ ಉಳಿಯುತ್ತದೆ. ಎಪ್ಪತ್ತರ ದಶಕದಲ್ಲಿ ತೆಗೆದ ಮಲೆನಾಡಿನ ಕಾಡು ಹಸಿರೇ ಇಲ್ಲದೆ ಕೆಂಪಾಗಿ ಕಾಣುತ್ತದೆ. ಇದನ್ನು ತಡೆಯಲು ಒಂದೇ ದಾರಿ, ತಂಪು ಮತ್ತು ಒಣ ಹವೆ. ಬಣ್ಣದ ನೆಗೆಟಿವ್‌ಗೆ ಐದು ಡಿಗ್ರಿಗಿಂತ ಕಡಿಮೆ ಶಾಖ, ಶೇಕಡಾ 30ರ ಆಸುಪಾಸಿನ ತೇವಾಂಶ, ವರ್ಷದ ಮುನ್ನೂರ ಅರುವತ್ತೈದು ದಿನವೂ. ಮಳೆಗಾಲದಲ್ಲಿ ಗೋಡೆ ಬೆವರುವ ಗೋದಾಮಿನಲ್ಲಿ, ತಗಡಿನ ಮಾಡಿನ ಅಟ್ಟದಲ್ಲಿ ಅದು ಬದುಕುವುದಿಲ್ಲ.

ಕನ್ನಡದ ಡಬ್ಬಿಗಳು ಚದುರಿಹೋದ ಕಥೆಗೆ ಕಾರಣಗಳಿವೆ. ದಶಕಗಳ ಕಾಲ ನಮ್ಮ ಚಿತ್ರಗಳು ತಯಾರಾದದ್ದು ಮದರಾಸಿನಲ್ಲಿ. ಚಿತ್ರೀಕರಣ ಅಲ್ಲಿ, ಸಂಕಲನ ಅಲ್ಲಿ, ಲ್ಯಾಬ್ ಅಲ್ಲಿ. ನೆಗೆಟಿವ್ ಲ್ಯಾಬಿನಲ್ಲೇ ಉಳಿಯುವುದು ಪದ್ಧತಿ. ಬೇಕಾದಾಗ ಪ್ರಿಂಟ್ ಹಾಕಿಸಿಕೊಳ್ಳುವುದು ಅಲ್ಲಿಂದಲೇ. ಬಾಕಿ ತೀರದಿದ್ದರೆ ನೆಗೆಟಿವ್ ಬಿಡುತ್ತಿರಲಿಲ್ಲ. ಸಾಲ ಕೊಟ್ಟವರು ನೆಗೆಟಿವ್ ಹಕ್ಕನ್ನೇ ಬರೆಸಿಕೊಳ್ಳುತ್ತಿದ್ದರು. ಚಿತ್ರ ಸೋತ ನಿರ್ಮಾಪಕ ಊರಿಗೆ ಮರಳಿದ, ಹಲವರು ತೀರಿಕೊಂಡರು, ಮಕ್ಕಳಿಗೆ ಆ ಡಬ್ಬಿಗಳ ಸುದ್ದಿಯೇ ಗೊತ್ತಿಲ್ಲ. ಟಿವಿ ಬಂದಾಗ ಉಳಿದವರು ಚಿಲ್ಲರೆ ದುಡ್ಡಿಗೆ ಎಲ್ಲ ಹಕ್ಕುಗಳನ್ನೂ ಬರೆದುಕೊಟ್ಟರು. ಕೊಂಡವರಿಗೆ ಬೇಕಾದದ್ದು ಟೇಪು, ನೆಗೆಟಿವ್ ಅಲ್ಲ. ಆಮೇಲೆ ಬಂತು ಡಿಜಿಟಲ್. 2013ರಲ್ಲಿ ಫ್ಯೂಜಿ ಕಂಪನಿ ಸಿನಿಮಾ ಫಿಲ್ಮ್ ತಯಾರಿಕೆಯನ್ನೇ ನಿಲ್ಲಿಸಿತು. ಆ ಒಂದೆರಡು ವರ್ಷಗಳಲ್ಲಿ ಲ್ಯಾಬ್‌ಗಳ ಕೆಲಸ ನಿಂತಿತು, ಬಾಗಿಲು ಮುಚ್ಚಿದವು. ಕೆಲಸವೇ ಇಲ್ಲದ ಲ್ಯಾಬ್ ಯಾರದೋ ಡಬ್ಬಿಗಳಿಗಾಗಿ ಎಷ್ಟು ಕಾಲ ಏಸಿ ಓಡಿಸೀತು? ಇದರಲ್ಲಿ ಒಬ್ಬ ಖಳನನ್ನು ಹುಡುಕಿ ಫಲವಿಲ್ಲ. ಪ್ರತಿಯೊಬ್ಬರೂ ಅಂದಂದಿನ ತಮ್ಮ ಕಷ್ಟ ನೋಡಿಕೊಂಡರು. ಚಿತ್ರಕ್ಕೆ ಮಾತ್ರ ದಿಕ್ಕಿಲ್ಲದಂತಾಯಿತು.

ಹಳೆಯದರ ಪಾಡು ಹೀಗಾಯಿತು, ಹೊಸ ಚಿತ್ರಗಳಾದರೂ ಕ್ಷೇಮ ಎಂದುಕೊಂಡರೆ ಅದೂ ತಪ್ಪು. ನನ್ನ ಭಯವೆಲ್ಲ ಅವುಗಳ ಮೇಲೆಯೇ ಹೆಚ್ಚು. ಚೆನ್ನಾಗಿ ಕಾಪಾಡಿದರೆ ನೆಗೆಟಿವ್ ನೂರು ವರ್ಷ ಬಾಳುತ್ತದೆ. ಹಾರ್ಡ್ ಡಿಸ್ಕ್ ಐದಾರು ವರ್ಷ ಬಾಳಿದರೆ ದೊಡ್ಡದು. ಕಪಾಟಿನಲ್ಲಿ ಸುಮ್ಮನೆ ಇಟ್ಟ ಡಿಸ್ಕ್ ಒಂದು ದಿನ ತಿರುಗುವುದಿಲ್ಲ, ಮುಂಚಿತವಾಗಿ ಯಾವ ಘಾಟೂ ಬರುವುದಿಲ್ಲ. ಡಿಸ್ಕ್ ಬದುಕಿದ್ದರೂ ಅದನ್ನು ಓದುವ ಸಾಫ್ಟ್‌ವೇರ್ ಇರಬೇಕು. ಅಮೆರಿಕದ ಆಸ್ಕರ್ ಅಕಾಡೆಮಿ 2007ರಲ್ಲೇ ಒಂದು ಅಧ್ಯಯನ ಹೊರತಂದು, ಚಿತ್ರದ ಡಿಜಿಟಲ್ ಮೂಲಪ್ರತಿಯನ್ನು ಕಾಪಾಡುವ ಖರ್ಚು ಫಿಲ್ಮ್ ಕಾಪಾಡುವ ಖರ್ಚಿನ ಹನ್ನೊಂದು ಪಟ್ಟು ಎಂದು ಎಚ್ಚರಿಸಿತ್ತು. ಅಂದಿನಿಂದ ಡಿಸ್ಕುಗಳ ಬೆಲೆ ಇಳಿದಿದೆ, ಆದರೆ ಕೆಲವು ವರ್ಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಲೇ ಇರಬೇಕೆಂಬ ದುಡಿಮೆ ಇಳಿದಿಲ್ಲ. ಒಂದು ಹಳೆಯ ಚಿತ್ರವನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಹತ್ತು ಟೆರಾಬೈಟ್ ಮೀರುತ್ತದೆ. ಹೊಸ ಚಿತ್ರದ ಕಚ್ಚಾ ದೃಶ್ಯ, ಶಬ್ದದ ಬೇರೆ ಬೇರೆ ಪದರ, ಗ್ರಾಫಿಕ್ಸ್ ಸೇರಿದರೆ ಇನ್ನೂ ಎಷ್ಟೋ ಪಟ್ಟು. ಬಿಡುಗಡೆಯ ಗಡಿಬಿಡಿ ಮುಗಿದ ಮೇಲೆ ಇದನ್ನೆಲ್ಲ ಯಾರು ನೋಡಿಕೊಳ್ಳಬೇಕು? ಎಡಿಟಿಂಗ್ ಸ್ಟುಡಿಯೋದವರಿಗೆ ಮುಂದಿನ ಚಿತ್ರಕ್ಕೆ ಜಾಗ ಬೇಕು. ಬಡ ನಿರ್ಮಾಪಕನಿಗೆ ಆ ಡಿಸ್ಕುಗಳೇ ಒಂದು ಆಸ್ತಿ, ಅಳಿಸಿ ಮತ್ತೆ ಬಳಸುತ್ತಾನೆ. ಕಳೆದ ಹದಿನೈದು ವರ್ಷಗಳ ನಮ್ಮ ಒಳ್ಳೆಯ ಸಣ್ಣ ಚಿತ್ರಗಳು, ಊರವರೇ ದುಡ್ಡು ಕೂಡಿಸಿ ತೆಗೆದವು, ಚಿತ್ರೋತ್ಸವಕ್ಕೆ ಹೋಗಿ ಬಂದವು, ತುಳು, ಕೊಡವ, ಕೊಂಕಣಿ, ಬ್ಯಾರಿ ಭಾಷೆಯವು, ನಮ್ಮ ಕಣ್ಣೆದುರೇ ‘ಸತಿ ಸುಲೋಚನ’ದ ದಾರಿ ಹಿಡಿಯಬಹುದು. 1934ರ ಚಿತ್ರ ಕಣ್ಮರೆಯಾಗಲು ಹಲವು ದಶಕಗಳು ಬೇಕಾದವು. ಇವಕ್ಕೆ ಒಂದು ದಶಕ ಸಾಕು.

ಓಟಿಟಿ ಕಾಪಾಡುತ್ತದೆ ಎಂದು ನಂಬಿದವರಿಗೆ ಒಂದು ಮಾತು. ಅದು ಬಾಡಿಗೆ ಮನೆ. ಕರಾರು ಮುಗಿದ ರಾತ್ರಿ ಚಿತ್ರ ಪಟ್ಟಿಯಿಂದ ಇಳಿಯುತ್ತದೆ. ಅಲ್ಲಿರುವುದು ಇಂಟರ್ನೆಟ್ಟಿನಲ್ಲಿ ಹರಿಯಲೆಂದು ಹಿಂಡಿ ಸಣ್ಣದಾಗಿಸಿದ ಪ್ರತಿ, ಮೂಲವಲ್ಲ. ಎಷ್ಟು ಜನ ನೋಡಿದರು ಎಂಬ ಲೆಕ್ಕದ ಮೇಲೆ ಬದುಕುವ ವೇದಿಕೆಗೆ ಆರು ಕೋಟಿ ಜನರ ಒಂದು ಭಾಷೆಯ ನೆನಪನ್ನು ಹೊರಬೇಕೆಂಬ ಹೊಣೆಯೇನೂ ಇಲ್ಲ. ಕನ್ನಡದ ಹೊಸ ಕೆಲಸವನ್ನೇ ಅವು ಕೊಳ್ಳಲು ಹಿಂಜರಿಯುತ್ತಿವೆ. ರಕ್ಷಿತ್ ಶೆಟ್ಟರ ಸಂಸ್ಥೆ ತಯಾರಿಸಿದ ‘ಏಕಂ’ ಸರಣಿಯನ್ನು 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಗಿ ಬಂದದ್ದು ನೆನಪಿರಲಿ.

ಇನ್ನೊಂದು ಅಪಾಯ ಮೊನ್ನೆಮೊನ್ನೆ ಹೊಸ್ತಿಲು ದಾಟಿ ಒಳಬಂದಿದೆ. 2025ರ ಆಗಸ್ಟ್‌ನಲ್ಲಿ ‘ರಾಂಝಣಾ’ ಚಿತ್ರದ ತಮಿಳು ಆವೃತ್ತಿಯನ್ನು ಕೃತಕ ಬುದ್ಧಿಮತ್ತೆಯಿಂದ ಕೊನೆ ಬದಲಾಯಿಸಿ ಮರುಬಿಡುಗಡೆ ಮಾಡಿದರು. ಸತ್ತ ನಾಯಕ ಎದ್ದು ಕೂತ. ನಿರ್ದೇಶಕ ಆನಂದ್ ಎಲ್. ರೈ ಒಪ್ಪಿರಲಿಲ್ಲ, ನಟ ಧನುಷ್ ನೊಂದು ಬರೆದರು. ಹಕ್ಕು ಹೊಂದಿದವರು ಮಾತ್ರ ತಮಗೆ ಅಧಿಕಾರವಿದೆ ಎಂದರು. ನಾಳೆ ಪುಟ್ಟಣ್ಣ ಕಣಗಾಲರ ಚಿತ್ರವೊಂದರ ಕೊನೆ ಈಗಿನವರಿಗೆ ತೀರಾ ದುಃಖವಾಯಿತೆಂದು ಯಾರಾದರೂ ತಿದ್ದಿದರೆ? ಚಿತ್ರದುರ್ಗದ ಕೋಟೆಯ ಮೇಲಿನಿಂದ ಅವರ ನಾಯಕ ರಾಮಾಚಾರಿಯನ್ನು ಕೈಹಿಡಿದು ಇಳಿಸಿದರೆ? ‘ಇದು ಸುಳ್ಳು, ನಿಜವಾದದ್ದು ಇಲ್ಲಿದೆ’ ಎಂದು ತೋರಿಸಲು ನಾಡಿನ ವಶದಲ್ಲಿ ಒಂದು ಮೂಲ ಪ್ರತಿ ಇರಲೇಬೇಕು. ಇಲ್ಲದಿದ್ದರೆ ಎರಡು ತಲೆಮಾರು ಕಳೆಯುವುದರೊಳಗೆ ತಿದ್ದಿದ್ದೇ ಮೂಲವಾಗಿಬಿಡುತ್ತದೆ.

ಸಾಧ್ಯವಾಗುವ ಕೆಲಸವೇ ಇದು ಎಂದು ಕೇಳುವವರಿಗೆ ಉತ್ತರವನ್ನು ನಮ್ಮದೇ ಚಿತ್ರ ಕೊಟ್ಟಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರರ ಕ್ಯಾಮೆರಾ, ಬಿ.ವಿ. ಕಾರಂತರ ಸಂಗೀತ, ಸ್ವರ್ಣಕಮಲ ತಂದ ಚಿತ್ರ. ಅದರ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದಿತ್ತು. ಉಳಿದಿದ್ದರಿಂದಲೇ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸಿಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆ ಸೇರಿ ಅದನ್ನು 4ಕೆಯಲ್ಲಿ ಪುನಶ್ಚೇತನಗೊಳಿಸಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ ವಿಭಾಗದಲ್ಲಿ ಲೋಕ ಅದನ್ನು ಹೊಸದಾಗಿ ನೋಡಿತು. ಮಲೆನಾಡಿನ ಮುಸ್ಸಂಜೆ, ಅಗ್ರಹಾರದ ಒಳಗತ್ತಲು, ಯಮುನಕ್ಕನ ಮುಖದ ಮೇಲೆ ಬೀಳುವ ದೀಪದ ಬೆಳಕು, ರಾಮಚಂದ್ರ ಕಂಡದ್ದೆಲ್ಲ ಹಾಗೆ ಹಾಗೆಯೇ. ನಮ್ಮ ಹೆಮ್ಮೆಗೆ ಅಂದು ಮಿತಿಯಿರಲಿಲ್ಲ. ಆದರೆ ಹೆಮ್ಮೆಪಡುತ್ತಲೇ ಇದನ್ನೂ ಒಪ್ಪಿಕೊಳ್ಳಬೇಕು: ಆ ಕೆಲಸಕ್ಕೆ ಮುಂದಾದವರು ಮುಂಬಯಿಯವರು ಮತ್ತು ಅಮೆರಿಕದವರು. ಪುಣೆಯಲ್ಲಿ ಆ ನೆಗೆಟಿವ್ ಸುರಕ್ಷಿತವಾಗಿದ್ದದ್ದಕ್ಕೂ ಹಿಂದೆ ಒಂದು ಪರಂಪರೆಯಿದೆ. 1964ರಲ್ಲಿ ಹುಟ್ಟಿದ ಆ ಭಂಡಾರವನ್ನು ಪಿ.ಕೆ. ನಾಯರ್ ಎಂಬ ಮಹಾನುಭಾವರು ಕೈಯಾರೆ ಕಟ್ಟಿದರು. ಊರೂರು ಅಲೆದು, ಮನೆಮನೆಯ ಅಟ್ಟ ಹುಡುಕಿ, ಫಾಲ್ಕೆಯವರ ‘ಕಾಲಿಯ ಮರ್ದನ’ದ ತುಣುಕುಗಳನ್ನು ಕೂಡಿಸಿ ತಂದರು. 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 12 ಸಾವಿರ ಚಿತ್ರಗಳನ್ನು ಅಲ್ಲಿ ಸೇರಿಸಿದ್ದರು.

ಇಂಥವರು ನಮ್ಮಲ್ಲಿ ಹುಟ್ಟಲೇ ಇಲ್ಲವೇ? ಹುಟ್ಟಿದ್ದರು. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಮಠ ಮನೆಗಳ ಬಾಗಿಲು ತಟ್ಟಿ ವಚನಗಳ ತಾಳೆಗರಿ ಕೂಡಿಹಾಕದಿದ್ದರೆ, ಅಚ್ಚುಹಾಕಲು ಮುದ್ರಣಾಲಯ ಬೇಕೆಂದು ಸ್ವಂತ ಮನೆ ಮಾರದಿದ್ದರೆ, ಇಂದು ನಾವು ಮಾತುಮಾತಿಗೆ ಉದ್ಧರಿಸುವ ವಚನಗಳಲ್ಲಿ ಎಷ್ಟು ಉಳಿದಿರುತ್ತಿದ್ದವು? ಶಾಮಾಶಾಸ್ತ್ರಿಗಳಿಗೆ ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಸಿಕ್ಕಿದ್ದು, ಅಂಥ ಓಲೆಗಳನ್ನು ಕೂಡಿಟ್ಟು ಕಾಯುವ ಗ್ರಂಥಾಲಯವೊಂದನ್ನು ಅರಸರ ಸರ್ಕಾರ 1891ರಲ್ಲೇ ಕಟ್ಟಿದ್ದರಿಂದ. ಓಲೆಗರಿಗಾಗಿ ಮನೆ ಮಾರಿದವರ ನಾಡು ಇದು. ಫಿಲ್ಮ್ ಡಬ್ಬಿಗಾಗಿ ಒಂದು ತಣ್ಣನೆಯ ಕೋಣೆ ಕಟ್ಟಲಾರದೇ?

ಸರ್ಕಾರಕ್ಕೆ ಈ ಮಾತು ತಲುಪಿಲ್ಲವೆಂದಲ್ಲ. 2025ರ ಮಾರ್ಚ್‌ನ ರಾಜ್ಯ ಬಜೆಟ್ ಮೈಸೂರಿನ 150 ಎಕರೆಯಲ್ಲಿ ಖಾಸಗಿ ಸಹಭಾಗಿತ್ವದ 500 ಕೋಟಿ ರೂಪಾಯಿಯ ಚಿತ್ರನಗರಿಯನ್ನು ಹೇಳಿತು, ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಓಟಿಟಿ ವೇದಿಕೆಯ ಮಾತಾಡಿತು. ಅದರ ಜೊತೆಗೆ ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಬದುಕನ್ನು ಬಿಂಬಿಸುವ ಕನ್ನಡ ಚಿತ್ರಗಳ ಭಂಡಾರಕ್ಕೆಂದು 3 ಕೋಟಿ ರೂಪಾಯಿ ಇಟ್ಟಿತು. ಆ 3 ಕೋಟಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ 500 ಕೋಟಿಯ ನಗರಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿದಾಗ ನಮ್ಮ ಆದ್ಯತೆ ಎಲ್ಲಿದೆ ಎಂಬುದು ಎದ್ದು ಕಾಣುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ 2,200 ಚಿತ್ರಗಳ ಪುನಶ್ಚೇತನಕ್ಕೆ 363 ಕೋಟಿ ಘೋಷಿಸಿತ್ತು. ಅದರಲ್ಲಿ ಕನ್ನಡದ ಪಾಲು ಎಷ್ಟು, ಯಾವ ಚಿತ್ರಗಳು, ಎಂದು ಪಟ್ಟು ಹಿಡಿದು ಕೇಳಬೇಕಾದವರು ನಾವು. ಇನ್ನು, ಯಾವುದು ಸಾಂಸ್ಕೃತಿಕ ಮಹತ್ವದ ಚಿತ್ರ ಎಂದು ಆರಿಸಲು ಸಮಿತಿ ಕೂರಿಸುವುದಾದರೆ ದಯವಿಟ್ಟು ಬೇಡ. ನೂರು ದಿನ ಓಡಿದ್ದೂ ಇರಲಿ, ಒಂದೇ ವಾರಕ್ಕೆ ಎತ್ತಂಗಡಿಯಾದದ್ದೂ ಇರಲಿ. ಯಾವುದೋ ಸೋತ ಚಿತ್ರದ ಹಾಡಿನ ಹಿನ್ನೆಲೆಯಲ್ಲಿ 1968ರ ಮೆಜೆಸ್ಟಿಕ್ ಇರುತ್ತದೆ, ಒಣಗುವ ಮುಂಚಿನ ಕೆರೆ ಇರುತ್ತದೆ, ಈಗ ಯಾರೂ ಉಡದ ಸೀರೆ, ಯಾರೂ ಆಡದ ನುಡಿಗಟ್ಟು ಇರುತ್ತದೆ. ‘ಸಂಸ್ಕಾರ’ ತೆಗೆದಾಗ ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಹಿಡಿದಿತ್ತು. ಮುಂದೆ ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡು, 1977ರ ಜನವರಿಯಲ್ಲಿ ಕಣ್ಮುಚ್ಚಿದ ಸ್ನೇಹಲತಾ ರೆಡ್ಡಿ ಇಂದಿಗೂ ನಡೆದಾಡುವುದು ಆ ಚಿತ್ರದ ಚಂದ್ರಿಯಾಗಿ. ಯಾವ ಚಿತ್ರ ನಾಳೆಗೆ ಏನಾಗುತ್ತದೆ ಎಂದು ಅಂದಂದೇ ಬಲ್ಲವರಾರು?

ಕಾನೂನು ಬೇಕು. ಈ ದೇಶದಲ್ಲಿ ಪುಸ್ತಕ ಅಚ್ಚಾದರೆ ಒಂದು ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಲೇಬೇಕೆಂದು 1954ರಿಂದ ಕಾಯ್ದೆಯಿದೆ. ಚಲನಚಿತ್ರಕ್ಕೆ ಅಂಥ ಕಾಯ್ದೆಯಿಲ್ಲ. ಫ್ರಾನ್ಸ್ 1977ರಲ್ಲೇ ಅದನ್ನು ಮಾಡಿಕೊಂಡಿದೆ. ದೆಹಲಿ ಮಾಡುವ ತನಕ ಬೆಂಗಳೂರು ಕಾಯಬೇಕಿಲ್ಲ. ನಮ್ಮ ಕೈಯಲ್ಲಿ ಸಬ್ಸಿಡಿಯಿದೆ. ಸಬ್ಸಿಡಿ ಪಡೆಯುವ ಪ್ರತಿ ಚಿತ್ರವೂ ಹಿಂಡಿ ಸಣ್ಣದಾಗಿಸದ ಮೂಲಪ್ರತಿಯನ್ನು, ಶಬ್ದಪದರಗಳ ಸಮೇತ, ರಾಜ್ಯದ ಭಂಡಾರಕ್ಕೆ ಒಪ್ಪಿಸಿದ ಮೇಲೆಯೇ ಹಣ ಬಿಡುಗಡೆ ಎಂದು ನಿಯಮ ಮಾಡಿದರೆ ಹೊಸ ಚಿತ್ರಗಳಾದರೂ ಉಳಿದಾವು. ಹಳೆಯವಕ್ಕೆ ಇನ್ನೊಂದು ಬಾಗಿಲು ತೆರೆದಿದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಚಿತ್ರ ಬಿಡುಗಡೆಯಾದ ಮರುವರ್ಷದಿಂದ 60 ವರ್ಷಕ್ಕೆ ಆ ಚಿತ್ರದ ಹಕ್ಕು ಮುಗಿಯುತ್ತದೆ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೆ ತೀರಿತು, ಎನ್. ಲಕ್ಷ್ಮೀನಾರಾಯಣರ ‘ನಾಂದಿ’ಯದು 2024ರ ಕೊನೆಗೆ. ರಾಜಕುಮಾರ್ ಮೊದಲ ಬಾರಿ ನಾಯಕನಾಗಿ ನಿಂತ ‘ಬೇಡರ ಕಣ್ಣಪ್ಪ’ ಈಗ ಕಾನೂನಿನ ಕಣ್ಣಲ್ಲಿ ನಮ್ಮೆಲ್ಲರದು. ನಮ್ಮೆಲ್ಲರದಾದದ್ದನ್ನು ಹುಡುಕಿ, ತೊಳೆದು, ಸ್ಕ್ಯಾನ್ ಮಾಡಿ ಮಕ್ಕಳ ಕೈಗಿಡಲು ಚಿತ್ರದ ಹಳೆಯ ಮಾಲೀಕನ ಅಪ್ಪಣೆಗೆ ಕಾಯಬೇಕಿಲ್ಲ.

ಲೋಕದ ಅರ್ಧ ಕಂಪನಿಗಳ ದತ್ತಾಂಶ ಕಾಯುವ ಎಂಜಿನಿಯರುಗಳು ಬೆಂಗಳೂರಿನಲ್ಲಿದ್ದಾರೆ. ಬ್ಯಾಂಕಿನ ಒಂದು ರೂಪಾಯಿ ಲೆಕ್ಕವೂ ಕಳೆಯದಂತೆ ಮೂರು ಊರಲ್ಲಿ ಮೂರು ಪ್ರತಿ ಇಡುವ ವಿದ್ಯೆ ನಮ್ಮ ಹುಡುಗರಿಗೆ ಕರಗತ. ಅಮೆರಿಕದಲ್ಲಿ, ಗಲ್ಫಿನಲ್ಲಿ, ಲಂಡನ್ನಿನಲ್ಲಿ ಕನ್ನಡ ಕೂಟ ಕಟ್ಟಿಕೊಂಡವರಲ್ಲಿ ಎಷ್ಟೋ ಮಂದಿಯ ಕಸುಬೇ ಇದು. ನಿಮ್ಮ ಕೂಟ ವರ್ಷಕ್ಕೊಂದು ಕನ್ನಡ ಚಿತ್ರದ ಪುನಶ್ಚೇತನದ ಹೊಣೆ ಹೊರಲಿ. ರಾಜ್ಯೋತ್ಸವಕ್ಕೆ ಆ ಚಿತ್ರವನ್ನೇ ತೋರಿಸಿ. ಅಭಿಮಾನಿ ಸಂಘಗಳಲ್ಲೂ ಬೇಡಿಕೊಳ್ಳುತ್ತೇನೆ. ಪುನೀತ್ ಅವರ ‘ಅಪ್ಪು’ 2025ರಲ್ಲಿ ಮತ್ತೆ ತೆರೆಗೆ ಬಂದಾಗ ನೀವು ಸಂಭ್ರಮಿಸಿದ್ದನ್ನು ನಾಡೇ ನೋಡಿದೆ. ಕಟೌಟಿಗೆ ಹಾಲೆರೆಯುವ ಪ್ರೀತಿಯ ಒಂದು ಪಾಲು ನಿಮ್ಮ ನಾಯಕನ ನೆಗೆಟಿವ್‌ಗಳನ್ನು ಪತ್ತೆಹಚ್ಚುವುದಕ್ಕೆ ಹೋಗಲಿ. ಯಾವ ಚಿತ್ರದ್ದು ಇದೆ, ಯಾವುದರದ್ದು ಇಲ್ಲ ಎಂಬ ಪಟ್ಟಿಯನ್ನು ನೀವೇ ತಯಾರಿಸಿ. ಸರ್ಕಾರಕ್ಕಿಂತ ಬೇಗ ಮಾಡಬಲ್ಲಿರಿ.

ನಿರ್ಮಾಪಕರೇ, ನಿರ್ಮಾಪಕರ ಮಕ್ಕಳೇ, ನಿಮ್ಮ ಹಕ್ಕನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಡಬ್ಬಿಯನ್ನು ಪುಣೆಯ ಭಂಡಾರಕ್ಕೆ ಒಪ್ಪಿಸಿದರೂ ಚಿತ್ರದ ಹಕ್ಕು ನಿಮ್ಮಲ್ಲೇ ಉಳಿಯುವಂತೆ ಬರೆಸಿಕೊಳ್ಳಬಹುದು. ಮದರಾಸಿನ ಯಾವ ಲ್ಯಾಬಿನಲ್ಲಿ ನಿಮ್ಮ ತಂದೆಯ ಚಿತ್ರ ತೊಳೆದರು ಎಂಬುದು ಹಳೆಯ ಕಾಗದಪತ್ರಗಳಲ್ಲಿ ಸಿಕ್ಕೀತು. ಆ ಕಾಗದವನ್ನು ಇವತ್ತೇ ಹುಡುಕಿ. ಹಂಚಿಕೆದಾರರ ಗೋದಾಮಿನಲ್ಲಿ, ಮುಚ್ಚಿದ ಚಿತ್ರಮಂದಿರದ ಪ್ರೊಜೆಕ್ಷನ್ ರೂಮಿನಲ್ಲಿ, ಟೂರಿಂಗ್ ಟಾಕೀಸ್ ನಡೆಸಿದವರ ಮನೆಯ ಅಟ್ಟದಲ್ಲಿ ಒಂಟಿ ರೀಲು ಸಿಕ್ಕರೂ ಅದಕ್ಕೆ ಬೆಲೆಯಿದೆ. ಒಂದು ಊರಲ್ಲಿ ಮೂರನೆಯ ರೀಲು, ಇನ್ನೊಂದರಲ್ಲಿ ಏಳನೆಯದು ಸಿಕ್ಕಿ ಚಿತ್ರ ಕೂಡಿಬಂದ ಉದಾಹರಣೆಗಳು ಲೋಕದಲ್ಲಿ ಬೇಕಾದಷ್ಟಿವೆ. ನಿಮ್ಮ ಕೈಗೆ ಅಂಥ ಡಬ್ಬಿ ಸಿಕ್ಕರೆ ಬಿಸಿಲಿಗೆ ಇಡಬೇಡಿ, ತೂಕಕ್ಕೆ ಹಾಕಬೇಡಿ, ನೀವೇ ಬಿಡಿಸಿ ನೋಡಲು ಹೋಗಬೇಡಿ. ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ಇಲ್ಲವೇ ಪುಣೆಯ ಭಂಡಾರಕ್ಕೆ ತಿಳಿಸಿ. ಮುಂದಿನ ಮಳೆಗಾಲ ಬರುವ ಮುನ್ನ ತಿಳಿಸಿ.